ಅಪ್ಪ ಅಂಗೈಯಲ್ಲಿ ಬರೆದ 'ಮ'

ದೋಸ್ತಾ,

ನಿನ್ನ ವಾಯ್ಸ್ ಮೆಸೇಜ್ ರಾತ್ರಿ ಹನ್ನೊಂದೂವರೆಗೆ ನೋಡಿದೆ. ಮೂರು ಸಲ ಕೇಳಿದೆ. "ಅವ್ವನ ನೋವು ನೋಡಾಕ ಆಗವಲ್ದೋ. ಕರ್ನಾಟಕದಾಗ ದಯಾಮರಣ ಬಂದೈತಂತ, ಖರೇನ? ಒಂದು ಇಂಜೆಕ್ಷನ್..." ಅಷ್ಟಕ್ಕೇ ನಿಂತಿತು. ಆಮೇಲೆ ಪುಣೆಯ ರಸ್ತೆಯ ಹಾರ್ನ್ ಸದ್ದು ಬಿಟ್ಟರೆ ಏನೂ ಇಲ್ಲ. ವಾಪಸ್ ಫೋನ್ ಮಾಡಲು ಹೋಗಿ ಕೆಳಗಿಟ್ಟೆ. ಫೋನಿನಲ್ಲಿ ನಾನು ಸುಮ್ನೆ ಸಮಾಧಾನ ಹೇಳಿ ಮುಗಿಸಿಬಿಡ್ತೀನಿ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ: ಇಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಅದಕ್ಕೆ ಕಾನೂನು ಇದೆ, ನಮ್ಮಲ್ಲಿ ಇಲ್ಲ. ಟಿವಿಯವರು 'ದಯಾಮರಣ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿ ಎಲ್ಲರ ತಲೆ ಕೆಡಿಸಿದ್ದಾರೆ. ನಮ್ಮಲ್ಲಿ ಬಂದಿರುವುದೇ ಬೇರೆ. ವಾಸಿಯಾಗುವ ಆಸೆಯೇ ಇಲ್ಲ ಅಂತ ಡಾಕ್ಟರುಗಳು ಒಪ್ಪಿದ ಮೇಲೆ, ಮಷೀನಿನಿಂದ ಉಸಿರು ಎಳೆಸುವುದನ್ನು ನಿಲ್ಲಿಸಬಹುದು, ಅಥವಾ ಶುರುವೇ ಮಾಡದೆ ಇರಬಹುದು. ಅದನ್ನು ಮೈಯಲ್ಲಿ ಎಚ್ಚರ ಇರುವಾಗಲೇ ಬರೆದಿಡಬಹುದು. ಲಿವಿಂಗ್ ವಿಲ್ ಅನ್ನುವುದು ಇದಕ್ಕೇ.

ನಿಮ್ಮವ್ವ ವೆಂಟಿಲೇಟರ್ ಮೇಲಿಲ್ಲ. ಹಾವೇರಿಯ ಮನೆಯಲ್ಲಿ, ಪಡಸಾಲೆಯ ಮಂಚದ ಮೇಲೆ ಇದ್ದಾಳೆ. ಕ್ಯಾನ್ಸರ್ ಎಲುಬಿಗೆ ಇಳಿದಿದೆ, ಆದರೆ ಮಾತು ನೆಟ್ಟಗಿದೆ. ಹಾಗಾಗಿ ನೀನು ಮೊದಲು ಕೇಳಬೇಕಾದ್ದು ನೋವಿನ ಔಷಧ. ಮಾರ್ಫಿನ್ ಗುಳಿಗೆ ಕೊಡುತ್ತಿದ್ದಾರಾ? ಎಷ್ಟು ತಾಸಿಗೊಮ್ಮೆ? ನಿಮ್ಮಣ್ಣ "ಅದು ಚಟ ಹತ್ತತೈತಿ" ಅಂದನಂತೆ. ಇಂಥ ನೋವಿನಲ್ಲಿ ಡಾಕ್ಟರು ಲೆಕ್ಕ ಹಾಕಿ ಕೊಡುವ ಗುಳಿಗೆಗೆ ಚಟದ ಮಾತು ಯಾಕೆ? ಮುಂಚೆ ಅದು ಸಿಗುವುದೇ ಕಷ್ಟವಿತ್ತು, ಲೈಸೆನ್ಸ್ ಮೇಲೆ ಲೈಸೆನ್ಸ್. 2014ರಲ್ಲಿ ಕಾನೂನು ತಿದ್ದಿ ಸಡಿಲ ಮಾಡಿದರು. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಇಳಿಸಿ ಆರೈಕೆ ಮಾಡುವುದು ಗೊತ್ತಿರುವ ಡಾಕ್ಟರನ್ನು ಹಿಡಿ. ನೋವು ಇಳಿದ ಮೇಲೆ ಅವ್ವ ಏನು ಹೇಳ್ತಾಳೋ ಅದೇ ಅವಳ ಮಾತು. ನೋವಿನಲ್ಲಿ ಒದರಾಡುವಾಗ "ನನ್ನ ಕಳಿಸಿಬಿಡ್ರೋ" ಅಂದದ್ದನ್ನೇ ಹಿಡಿದುಕೊಂಡು ಕೂರಬೇಡ.

ಇನ್ನು ನಾನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳದೆ ಇದ್ದದ್ದು.

ನಮ್ಮಪ್ಪ ತೀರಿಕೊಂಡದ್ದು 2019ರ ಶ್ರಾವಣದಲ್ಲಿ. ಆಗ ನೀನು ಮಣ್ಣಿಗೆ ಬಂದಿದ್ದೆ. ಅದಕ್ಕೂ ಹಿಂದಿನ ಹದಿನೇಳು ದಿನ ನಿನಗೆ ಗೊತ್ತಿಲ್ಲ. ಲಕ್ವಾ ಹೊಡೆದಿತ್ತು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ಕಫ ತುಂಬಿ ಉಸಿರು ಕಟ್ಟಿತು. ರಾತ್ರಿ ಎರಡು ಗಂಟೆ. ಒಬ್ಬ ಹುಡುಗ ಡಾಕ್ಟರ್ ಕಾಗದ ತಂದು "ಟ್ಯೂಬ್ ಹಾಕ್ಬೇಕ್ರೀ, ಸಹಿ ಮಾಡ್ರಿ" ಅಂದ. ಮಾಡಿದೆ. ಆ ಹೊತ್ತಿಗೆ ಯಾರಾದರೂ ಮಾಡುತ್ತಾರೆ. ಹಾಕಿದ ಮೇಲೆ ತೆಗೆಯುವುದಕ್ಕೂ ಒಂದು ಸಹಿ ಬೇಕಾಗುತ್ತದೆ ಅಂತ ಆಗ ಹೊಳೆಯಲಿಲ್ಲ.

ಐಸಿಯು ಒಳಗೆ ಸಂಜೆ ಐದು ನಿಮಿಷ ಬಿಡುತ್ತಿದ್ದರು. ಅಪ್ಪನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಟ್ಯೂಬ್ ಕಿತ್ತುಕೊಳ್ಳದಿರಲಿ ಅಂತ. ಎಂಬತ್ತು ವರ್ಷ ಎರಿ ಹೊಲದಲ್ಲಿ ಕಡ್ಲಿ ಕಿತ್ತ ಕೈ ಅವು. ಐದನೇ ದಿನವೋ ಆರನೇ ದಿನವೋ, ಎಡಗೈ ಬೆರಳು ಆಡಿಸಿ ಕರೆದರು. ನನ್ನ ಅಂಗೈ ಅವರ ಬೆರಳಿನ ಕೆಳಗೆ ಇಟ್ಟೆ. ನಿಧಾನಕ್ಕೆ ಒಂದು ಅಕ್ಷರ ಬರೆದರು. 'ಮ'. ಮುಂದೆ ಬೆರಳು ನಿಂತುಹೋಯಿತು. ಸಿಸ್ಟರ್ ಟೈಮ್ ಆಯ್ತು ಅಂದಳು.

ಹೊರಗೆ ಬಂದು ಹೇಳಿದೆ. ತಮ್ಮ ಹೇಳಿದ, "ಮನಿ ಅಂತ ಬರದಾರ, ಮನೀಗೆ ಕರ್ಕೊಂಡು ಹೋಗೂಣು." ಅಕ್ಕ ಅತ್ತಳು. ಅವಳ ಹೆಸರೂ 'ಮ'ದಿಂದಲೇ ಶುರು, "ನನ್ನ ಕರದಾರ" ಅಂದಳು. ಕಾಕಾನಿಗೆ ಅದು 'ಮಗ' ಅಂತ ಅನ್ನಿಸಿತು, ಮಗ ನನ್ನ ಉಳಿಸು ಅಂತ. ನನಗೆ 'ಮುಗಸು' ಅಂತಲೇ ಕೇಳಿದ ಹಾಗಾಯಿತು. ಯಾರಿಗೆ ಏನು ಬೇಕಿತ್ತೋ ಅದನ್ನೇ ಓದಿಕೊಂಡರು. ಏಳನೇ ದಿನದಿಂದ ಅಪ್ಪನಿಗೆ ಎಚ್ಚರ ಇರಲಿಲ್ಲ.

ನೋಡು, ನಮ್ಮಪ್ಪ ಸಾವಿನ ಬಗ್ಗೆ ಮಾತಾಡದ ಮನುಷ್ಯ ಅಲ್ಲ. ಸಮಾಧಿ ಎಲ್ಲಿ ಆಗಬೇಕು (ಹೊಲದ ಬದುವಿನಲ್ಲಿ, ಅವ್ವನ ಬಲಕ್ಕೆ), ಯಾವ ಧೋತರ ಉಡಿಸಬೇಕು, ಯಾವ ಅಯ್ಯನವರನ್ನು ಕರೆಸಬೇಕು, ಭಜನಿಯವರಿಗೆ ಎಷ್ಟು ಕೊಡಬೇಕು, ತಿಥಿಗೆ ಗೋದಿ ಹುಗ್ಗಿನೋ ಮಾದಲಿನೋ, ಎಲ್ಲ ಹೇಳಿಟ್ಟಿದ್ದರು. ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ನಕ್ಕೊಂಡು ಹೇಳುತ್ತಿದ್ದರು. "ಶರಣರನ್ನ ಮರಣದಾಗ ನೋಡು" ಅನ್ನುವ ಊರು ನಮ್ಮದು. ಸತ್ತ ಮೇಲಿನ ಹದಿನೊಂದು ದಿನದ್ದು ಪೂರ್ತಿ ಗೊತ್ತಿತ್ತು. ಸಾಯುವ ಮುಂಚಿನ ಹದಿನೇಳು ದಿನದ ಬಗ್ಗೆ ಒಂದು ಮಾತೂ ಇಲ್ಲ. ನಾವೂ ಕೇಳಲಿಲ್ಲ.

ಹದಿನೈದನೇ ದಿನ ಕುತ್ತಿಗೆಗೆ ತೂತು ಹಾಕಿ ನಳಿಗೆ ಇಡೋಣ ಅಂದರು. ದಿನಕ್ಕೆ 25,000 ಹೋಗುತ್ತಿತ್ತು. ನಾನು ಸಾಕು ಅಂದೆ. ಕಾಕಾ ಎಲ್ಲರ ಮುಂದೆ, "ರೊಕ್ಕ ಉಳಸಾಕ ಅಪ್ಪನ್ನ ಕೊಲ್ತಿಯೇನಲೇ" ಅಂದ. ಅಲ್ಲೇ ವರಾಂಡದಲ್ಲಿ ಗಿರ್ಮಿಟ್ ಪೊಟ್ಟಣ ಬಿಚ್ಚಿಕೊಂಡು ಕುಂತವರೆಲ್ಲ ತಲೆ ಎತ್ತಿ ನನ್ನ ನೋಡಿದರು. ಆಮೇಲೆ ದೊಡ್ಡ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ, "ಏನೂ ಉಳಿದಿಲ್ರೀ, ಮನೀಗೆ ಕರ್ಕೊಂಡು ಹೋಗ್ರಿ" ಅಂದರು. ಆದರೆ ಸಹಿಗೆ ಕೊಟ್ಟ ಕಾಗದದಲ್ಲಿ ಇದ್ದದ್ದೇ ಬೇರೆ: ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಅಂತ. ಸಲಹೆ ಕೊಟ್ಟವರೂ ಅವರೇ, ವಿರುದ್ಧ ಹೋದವನು ನಾನು!

ಆಂಬುಲೆನ್ಸ್‌ನಲ್ಲಿ ವೆಂಟಿಲೇಟರ್ ಇರಲಿಲ್ಲ. ಒಂದು ರಬ್ಬರ್ ಚೆಂಡು, ಅಂಬು ಬ್ಯಾಗ್ ಅಂತಾರೆ, ಟ್ಯೂಬಿಗೆ ಸಿಕ್ಕಿಸಿ ಆಂಬುಲೆನ್ಸ್ ಹುಡುಗ ಹಿಚುಕುತ್ತಾ ಕೂತ. ಮಳೆ ಹಿಡಿದಿತ್ತು. ನಲವಡಿ ದಾಟುವಷ್ಟರಲ್ಲಿ ಅವನ ಕೈ ಸೋತಿತು. "ಸರ, ನೀವ್ ಹಿಡೀರಿ ಸ್ವಲ್ಪ" ಅಂದ. ಅಲ್ಲಿಂದ ಅಣ್ಣಿಗೇರಿ ಹತ್ತಿರದ ನಮ್ಮೂರಿನವರೆಗೆ ಅಪ್ಪನ ಉಸಿರು ನನ್ನ ಕೈಯಲ್ಲಿತ್ತು. ಹಿಚುಕಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಗುಂಡಿ ಬಂದಾಗ ತಾಳ ತಪ್ಪುತ್ತಿತ್ತು. ಪಡಸಾಲೆಯಲ್ಲಿ ಮಲಗಿಸಿದ ಮೇಲೆ ಆ ಹುಡುಗ ನನ್ನ ಮುಖ ನೋಡಿದ. ಬಿಡು ಅಂತ ಯಾರಾದರೂ ಹೇಳಬೇಕಿತ್ತು. ನಾನೇ ಹೇಳಿದೆ. ಅವನು ಟ್ಯೂಬ್ ತೆಗೆದ. ನಲವತ್ತು ನಿಮಿಷ ಆಯಿತು.

ಆಗಾಗ ರಾತ್ರಿ ಎದ್ದು ಬಲಗೈ ಮುಷ್ಟಿ ಬಿಚ್ಚಿ ಮುಚ್ಚಿ ಮಾಡ್ತೀನಂತೆ. ನಿಮ್ಮ ವೈನಿ ಹೇಳ್ತಾಳೆ.

ಆಮೇಲೆ ಗೊತ್ತಾದದ್ದು ಕೇಳು. ಇದೆಲ್ಲ ಆಗುವುದಕ್ಕೆ ಒಂದು ವರ್ಷ ಮೊದಲೇ, 2018ರ ಮಾರ್ಚ್ 9ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟಾಗಿತ್ತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ, ಲಿವಿಂಗ್ ವಿಲ್ ಬರೆದಿಡಬಹುದು ಅಂತ. ಅಂದರೆ ನಾವು ಕಳ್ಳರ ಹಾಗೆ ಮಾಡಿದ್ದನ್ನು ಆಸ್ಪತ್ರೆಯಲ್ಲೇ, ಡಾಕ್ಟರು ಪಕ್ಕದಲ್ಲಿ ನಿಂತು, ಅಪ್ಪನಿಗೆ ದಮ್ಮು ಕಟ್ಟದ ಹಾಗೆ ಔಷಧ ಕೊಟ್ಟು ಮಾಡುವ ದಾರಿ ಇತ್ತು. ಆ ದಾರಿಯೂ ಆಗ ಸಲೀಸಾಗಿರಲಿಲ್ಲ ಅನ್ನು. ಮ್ಯಾಜಿಸ್ಟ್ರೇಟರ ಸಹಿ ಇಲ್ಲದೆ ಉಯಿಲು ನಡೆಯುತ್ತಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ತೆಗೆದು ಸರಳ ಮಾಡಿದರು. 2025ರ ಜನವರಿ ಕೊನೆಗೆ ನಮ್ಮ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನೀನು ಟಿವಿಯಲ್ಲಿ ನೋಡಿದ್ದು ಅದೇ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದರು.

ಇದರ ಹಿಂದೆ ನಮ್ಮ ಕಡೆಯ ಇನ್ನೊಬ್ಬ ಹೆಣ್ಣುಮಗಳೂ ಇದ್ದಾಳೆ. ಅರುಣಾ ಶಾನಭಾಗ. ಹೊನ್ನಾವರದ ಹತ್ತಿರ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅವರ ಮೇಲೆ ಹಲ್ಲೆ ಆಯಿತು, 2015ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ನಡುವಿನ ನಲವತ್ತೊಂದು ವರ್ಷ ಮಾತಿಲ್ಲದೆ, ಅರಿವಿಲ್ಲದೆ ಅದೇ ಆಸ್ಪತ್ರೆಯ ಹಾಸಿಗೆ. ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿಯ ಮೇಲೆ 2011ರಲ್ಲಿ ಸುಪ್ರೀಂ ಕೋರ್ಟು, ಅರುಣಾಗೆ ಆಹಾರ ನಿಲ್ಲಿಸಲು ಒಪ್ಪಲಿಲ್ಲ, ಆದರೆ ಇಂಥ ಸ್ಥಿತಿಯ ಬೇರೆಯವರಿಗೆ ಚಿಕಿತ್ಸೆ ನಿಲ್ಲಿಸುವ ಬಾಗಿಲು ತೆರೆಯಿತು. ಒಪ್ಪದ್ದಕ್ಕೆ ಒಂದು ಕಾರಣ ಅಲ್ಲಿನ ನರ್ಸುಗಳು. ಅವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಅಂತ ಪಟ್ಟು ಹಿಡಿದರು. ಆ ನರ್ಸುಗಳನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅರುಣಾಗೆ ಏನು ಬೇಕಿತ್ತು ಅಂತ ಕೇಳುವ ಹಾಗಿರಲಿಲ್ಲ, ಅಷ್ಟೇ.

ನಿಮ್ಮಣ್ಣ "ಸಾವು ಶಿವನ ಕೈಯಾಗಿನ ಮಾತು, ನಾವ್ಯಾರು" ಅಂದನಂತೆ. ಒಪ್ಪೋಣ. ಹಾಗಾದರೆ ವೆಂಟಿಲೇಟರಿನ ಗುಂಡಿ ಯಾರ ಕೈಯಲ್ಲಿದೆ ಅಂತ ಕೇಳು. ನಮ್ಮ ಭಾಗದ ಹಳೆಯ ಬಸದಿಗಳ ಹತ್ತಿರ ನಿಸಿಧಿ ಕಲ್ಲು ನೋಡಿದ್ದೀಯಲ್ಲ, ಸಲ್ಲೇಖನ, ಅಂದರೆ ಉಪವಾಸ ವ್ರತದಿಂದ ದೇಹ ಬಿಟ್ಟ ಜೈನರ ನೆನಪಿಗೆ ನಿಲ್ಲಿಸಿದ್ದು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದು ವ್ರತ, ಇದು ಆಸ್ಪತ್ರೆ, ಎರಡೂ ಒಂದಲ್ಲ ಬಿಡು. ಆದರೆ ಹೋಗುವ ದಾರಿಯ ಬಗ್ಗೆ ಮೊದಲೇ ಮಾತಾಡುವುದು ಈ ಮಣ್ಣಿಗೆ ಹೊಸದಲ್ಲ.

ಕಳೆದ ದೀಪಾವಳಿ ಆದಮೇಲೆ ನಾನೂ ನನ್ನದನ್ನು ಬರೆಸಿದೆ. ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಗೆ ಹೋಗಿ ಉಯಿಲು ಅಂದ ಕೂಡಲೇ ಅವನು "ಸರ್ವೆ ನಂಬರ್ ಹೇಳ್ರಿ" ಅಂದ. ಹೊಲದ್ದಲ್ಲಪಾ, ನನ್ನ ಮೈದು ಅಂದೆ. ಕನ್ನಡಕದ ಮೇಲಿಂದ ನೋಡಿದ. ಮೊದಲ ಪ್ರತಿ ಮನೆಗೆ ತಂದು ಓದಿದರೆ 'ನನಗೆ ವೆಂಟಿಲೇಷನ್ ಬೇಡ' ಅಂತ ಇದೆ. ನಿಮ್ಮ ವೈನಿ, "ಅಂದ್ರ ಕಿಡಕಿ ಮುಚ್ಚಿಬಿಡ್ಲೇನ್ರೀ?" ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಎರಡನೇ ಸಲ ಸರಿಯಾಯಿತು.

ಬರೆಸುವುದು ಕಷ್ಟ ಇಲ್ಲ. ಹದಿನೆಂಟು ದಾಟಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಬಿಡಿಸಿ ಬರೆಯಬೇಕು. ನಮ್ಮ ಪರವಾಗಿ ಮಾತಾಡುವವರ ಹೆಸರು ಹಾಕಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ವಾಪಸ್ ತೆಗೆದುಕೊಳ್ಳಬಹುದು. ಒಂದು ಪ್ರತಿ ಮಗಳ ಹತ್ತಿರ, ಒಂದು ನಮ್ಮ ಮನೆ ಡಾಕ್ಟರ ಹತ್ತಿರ. ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ಒಂದು ಕೊಡಬೇಕು. ಅದನ್ನಿನ್ನೂ ಕೊಟ್ಟಿಲ್ಲ, ನನ್ನ ಸೋಮಾರಿತನ.

ಕಾಗದ ಇದ್ದ ಮಾತ್ರಕ್ಕೆ ಯಾರೂ ಬಂದು ಸ್ವಿಚ್ ತೆಗೆಯುವುದಿಲ್ಲ. ಮೊದಲು ಆಸ್ಪತ್ರೆಯ ಮಂಡಳಿ: ಚಿಕಿತ್ಸೆ ಕೊಡುವ ಡಾಕ್ಟರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವ ಇರುವ ಇಬ್ಬರು ತಜ್ಞರು. ಅವರು ಒಪ್ಪಿದ ಮೇಲೆ ಇನ್ನೊಂದು ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಳಿಸಿದ ಡಾಕ್ಟರು ಒಬ್ಬರು. ಆದಷ್ಟು 48 ಗಂಟೆಯೊಳಗೆ ಹೇಳಬೇಕು. ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತಾರೆ. ಕಾಗದ ಇಲ್ಲದವರಿಗೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿ ಇದೆ, ಆದರೆ ಆಗ ಮತ್ತೆ ವರಾಂಡದಲ್ಲಿ ಕಾಕಾಂದಿರ ಪಂಚಾಯ್ತಿ.

ನನ್ನ ಮಗಳಿಗೆ ಆ ರಬ್ಬರ್ ಚೆಂಡು ಹಿಡಿಯುವ ಪಾಳಿ ಬರಬಾರದು. ನಾನು ಬರೆಸಿದ್ದು ಅದಕ್ಕೇ, ಬೇರೆ ದೊಡ್ಡ ವಿಚಾರ ಏನಿಲ್ಲ. ಓದಿ ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಫೋನ್ ಮಾಡಿ, "ಪಪ್ಪಾ, ಮೂಗಿನಾಗ ನಳಿಗಿ ಹಾಕಿ ಗಂಜಿ ಕೊಡೂದು ಬರದಿಲ್ಲಲ್ಲ, ಅದಕ್ಕೇನ್ ಮಾಡ್ಲಿ?" ಅಂದಳು. ಅರ್ಧ ತಾಸು ಅದನ್ನೇ ಮಾತಾಡಿದೆವು.

ನಿಮ್ಮವ್ವನ ವಿಷಯಕ್ಕೆ ಬರ್ತೀನಿ. ನಿಮ್ಮಣ್ಣ ಬೆಂಗಳೂರಿನ ದೊಡ್ಡ ಆಸ್ಪತ್ರೆ ಅಂತಾನೆ, ನೀನು ಇಂಜೆಕ್ಷನ್ ಅಂತೀಯ. ಇಬ್ಬರೂ ಅವಳನ್ನು ಕೇಳಿದ್ದೀರಾ? ಅವಳಿಗೆ ಇನ್ನೂ ಮಾತಿದೆ ಮಾರಾಯ, ಅಂಗೈಯಲ್ಲಿ ಬರೆಯುವ ಪಾಳಿ ಬಂದಿಲ್ಲ. ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ ಬೇಡ. ಬಾ. ಮುಂಜಾನೆ ಗುಳಿಗೆ ಹತ್ತಿದ ಮೇಲೆ, ಅಣ್ಣನನ್ನೂ ಕೂರಿಸಿಕೊಂಡು, ಚಹಾ ಕೊಟ್ಟು ಕೇಳು. ಬೆಂಗಳೂರಿಗೆ ಹೋಗ್ತೀಯಾ ಬೇ, ಇಲ್ಲೇ ಇರ್ತೀಯಾ? ಉಸಿರು ಕಟ್ಟಿದರೆ ಮಷೀನು ಹಾಕಿಸ್ಲಾ ಬೇಡಾ? ಅವಳು ಬೈದರೂ ಬೈಯಲಿ. ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೋ. ಸಾಕ್ಷಿಗೆ ಎದುರು ಮನೆಯ ಮಾಸ್ತರು ಇದ್ದಾರೆ, ನಾನೂ ಇದ್ದೀನಿ.

ಭಾನುವಾರ ಹಾವೇರಿಗೆ ಬರ್ತೀನಿ. ನಿನ್ನೆ ಅವ್ವನಿಗೆ ಫೋನ್ ಮಾಡಿ ಏನು ತರಲಿ ಅಂದೆ. ದನಿ ಸಣ್ಣಗಾಗಿದೆ. "ಪೇಡೆ ತಾ. ಹುಬ್ಬಳ್ಳ್ಯಾಗ ತಗೋಬ್ಯಾಡ, ಧಾರವಾಡಕ್ಕ ಹೋಗಿ ಲೈನ್ ಬಜಾರದಾಗಿಂದು ತಾ. ಹೋದ ಸಲದ್ದು ಬರೇ ಸಕ್ಕರಿ ಇತ್ತು" ಅಂದಳು. ಶನಿವಾರ ಸಂಜೆ ಚಿಗರಿ ಬಸ್ ಹತ್ತಿ ಹೋಗಿ ತರ್ತೀನಿ. ನೀನು ಟಿಕೆಟ್ ಆದ ಕೂಡಲೇ ಹೇಳು.

ನಿನ್ನ ದೋಸ್ತ
ಹುಬ್ಬಳ್ಳಿ