ಭಾನುವಾರದ ದೋಸೆ: ಹಿಟ್ಟು ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 8ಕ್ಕೆ ತಾರಸಿ ಮೇಲೆ ದೋಸೆ. ಹಿಟ್ಟು ತರುವ ಮೂರೂ ಮನೆಯವರು ದಯವಿಟ್ಟು ಒಂದೇ ಅಳತೆ ಹಿಡಿಯಿರಿ. ಒಂದೊಂದು ಹಿಟ್ಟಿಗೂ ಕಾವಲಿಯ ಕಾವು ಹೊಂದಿಸುತ್ತಾ ಕೂತರೆ ಹಸಿದವರು ಕಾಯಬೇಕಾಗುತ್ತದೆ.

ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ 1 ಲೋಟ, ಮೆಂತ್ಯ 1 ಚಮಚ, ಹೊಂಬಣ್ಣ ಬರಲು ಕಡಲೆಬೇಳೆ 2 ಚಮಚ. ಶನಿವಾರ ಮಧ್ಯಾಹ್ನ ನೆನೆಹಾಕಿ, ಸಂಜೆ 6ಕ್ಕೆ ಒಂದು ಹಿಡಿ ನೆನೆದ ಅವಲಕ್ಕಿ ಸೇರಿಸಿ ರುಬ್ಬಿ. ಮಿಕ್ಸಿಯಾದರೆ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ; ಹಿಟ್ಟು ಬಿಸಿಯೇರಿದರೆ ಹುದುಗು ಕೆಡುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿಸಿ, ಇಲ್ಲದಿದ್ದರೆ ರಾತ್ರಿ ಉಕ್ಕಿ ಅಡುಗೆ ಕಟ್ಟೆಯೆಲ್ಲ ಹಿಟ್ಟು. ಫ್ರಿಜ್ಜಿನಿಂದ ತೆಗೆದ ಹಿಟ್ಟು ಹಾಗೇ ತರಬೇಡಿ. ತಣ್ಣಗಿದ್ದರೆ ಸಮನಾಗಿ ಹರಡುವುದಿಲ್ಲ.

ದೋಸೆ ಹೊಯ್ಯುವವರಿಗೆ: ಹಿಟ್ಟು ಸೌಟಿಗೆ ಅಂಟಿ ಮೇಲೆದ್ದು ಬಂದರೆ ಕಾವಲಿ ಅತಿಯಾಗಿ ಕಾದಿದೆ ಎಂದರ್ಥ. ನೀರು ಚಿಮುಕಿಸಿ, ಹೆಚ್ಚಿದ ಅರ್ಧ ಈರುಳ್ಳಿಯಿಂದ ಒರೆಸಿ, ಆಮೇಲೆ ಹೊಯ್ಯಿರಿ. ಮೊದಲ ದೋಸೆ ಕಿತ್ತು ಬಂದರೂ ಗಾಬರಿ ಬೇಡ, ಎರಡನೆಯದಕ್ಕೆ ಕಾವಲಿ ಪಳಗುತ್ತದೆ.

ಕಾಯಿ ಚಟ್ನಿ ಅಲ್ಲೇ ರುಬ್ಬೋಣ, ಮನೆಯಿಂದ ತಂದರೆ ಬಿಸಿಲಿಗೆ ಬೇಗ ಹುಳಿಯುತ್ತದೆ. ಎಷ್ಟು ಜನ ಬರುತ್ತೀರಿ, ಮಕ್ಕಳೆಷ್ಟು ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಇನ್ನೊಂದು ಕಬ್ಬಿಣದ ಕಾವಲಿ ಬೇಕು, ಯಾರ ಮನೆಯಲ್ಲಿದೆ?