ಸಭೆಗೆ ಬಂದು ಕೇಳಿದವರಿಗೆ

ನಮ್ಮ ಗ್ರಾಮ ಪಂಚಾಯತಿಯ ಐದು ವರ್ಷದ ಅವಧಿ ಮುಗಿದಿದೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನದಿಂದ ನನ್ನನ್ನು ಗೆಲ್ಲಿಸಿ ಕಳಿಸಿದ ವಾರ್ಡಿನ ಎಲ್ಲರಿಗೂ ಕೈಮುಗಿದು ನಮಸ್ಕಾರ ಹೇಳುತ್ತಿದ್ದೇನೆ. ಕಾನೂನಿನ ಲೆಕ್ಕದಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಂದರೆ ಯಾವ ಮನೆಯ ನಲ್ಲಿ ಸೋರುತ್ತದೆ, ಯಾರ ಪಿಂಚಣಿ ನಿಂತಿದೆ ಅನ್ನುವುದು ಗೊತ್ತಿಲ್ಲ ಎಂದು ಹೇಳುವ ಹಾಗಿಲ್ಲದಷ್ಟು ಹತ್ತಿರದ ಕೆಲಸ ಇದು.

ಬೀಳ್ಕೊಡುಗೆಯ ದಿನ ಹಾರ ಹಾಕಿದವರಿಗೆ, ಒಳ್ಳೆಯ ಮಾತಾಡಿದವರಿಗೆ ಅಲ್ಲೇ ಧನ್ಯವಾದ ಹೇಳಿದ್ದೇನೆ. ಈ ಬರಹ ಬೇರೆಯವರಿಗಾಗಿ. ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಬಂದು, ಎದ್ದು ನಿಂತು ಪ್ರಶ್ನೆ ಕೇಳಿದವರಿಗಾಗಿ. ನಮ್ಮ ಊರಿನಲ್ಲಿ ಐದು ವರ್ಷದಲ್ಲಿ ಏನಾದರೂ ನೆಟ್ಟಗೆ ಆಗಿದ್ದರೆ ಅದು ನೀವು ಕೇಳಿದ್ದರಿಂದ ಆಗಿದೆ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನಡೆದದ್ದೇ ಹಾಗೆ.

ಮೊದಲು ಕೇಳಿದವರು ಕೂಲಿ ಮಾಡುವ ಒಬ್ಬ ಅಜ್ಜಿ. ನನ್ನ ಅವಧಿಯ ಮೊದಲ ವಾರ್ಡ್ ಸಭೆಗೆ ಬಂದವರೇ ಕಡಿಮೆ. ಬಂದವರಲ್ಲಿ ಅರ್ಧದಷ್ಟು ಜನ ಸಹಿ ಹಾಕಿ ಹೊರಡುವ ಆತುರದಲ್ಲಿದ್ದರು. ಹೊಸ ಕ್ರಿಯಾಯೋಜನೆಗೆ ಕೆಲಸಗಳನ್ನು ಬರೆಸಿ ಅಂತ ನಾವು ಕೇಳುತ್ತಿದ್ದಾಗ ಆ ಅಜ್ಜಿ, “ಹೊಸದು ಆಮ್ಯಾಲೆ ಬರ್ಕೊಳ್ಳವ್ವಾ. ಹೋದ್ಸಲ ಬರೆಸಿದ್ವಲ್ಲ, ಅದೇನಾತು?” ಅಂದರು. ಉತ್ತರ ಹೇಳಲು ಹಳೆಯ ನಡಾವಳಿ ಪುಸ್ತಕವನ್ನು ಪಂಚಾಯತಿ ಕಚೇರಿಯಿಂದ ತರಿಸಬೇಕಾಯಿತು. ಓದುತ್ತಾ ಹೋದರೆ ಚರಂಡಿ, ಬೀದಿದೀಪ, ಕೆರೆ ಕಾಲುವೆ ಎಲ್ಲವೂ ವರ್ಷ ವರ್ಷ ಬರೆಸಿದ್ದೇ ಬರೆಸಿದ್ದು. ಆವತ್ತಿನಿಂದ ನಮ್ಮ ವಾರ್ಡಿನಲ್ಲಿ ಒಂದು ಪದ್ಧತಿ ನಿಂತಿತು. ಪ್ರತಿ ಸಭೆಯಲ್ಲೂ ಮೊದಲು ಹಳೆಯ ಪಟ್ಟಿಯನ್ನು ಗಟ್ಟಿಯಾಗಿ ಓದುವುದು. ಆದದ್ದಕ್ಕೆ ಗುರುತು ಹಾಕುವುದು, ಆಗದ್ದಕ್ಕೆ ಯಾಕೆ ಆಗಲಿಲ್ಲ ಅಂತ ಎಲ್ಲರ ಎದುರು ಹೇಳುವುದು. ಹೊಸ ಕೆಲಸ ಬರೆಯುವುದು ಆಮೇಲೆ. ಇದನ್ನು ಯಾವ ತರಬೇತಿಯಲ್ಲೂ ನಾನು ಕಲಿತದ್ದಲ್ಲ. ಅಜ್ಜಿ ಕಲಿಸಿದ್ದು. ಅಜ್ಜಿ, ನಿಮಗೆ ಮೊದಲ ನಮಸ್ಕಾರ.

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ 2021ರ ಕೊರೊನಾ ಎರಡನೇ ಅಲೆ ಬಂತು. ಬೆಂಗಳೂರಿನಿಂದ ಊರಿಗೆ ವಾಪಸು ಬಂದವರು, ಒಂದೇ ಕೋಣೆಯ ಮನೆಯಲ್ಲಿ ಸೋಂಕು ತಗುಲಿದವರು, ಮಾತ್ರೆಗೂ ಹೊರಗೆ ಹೋಗಲಾರದ ಮುದುಕರು. ಪಂಚಾಯತಿ ಮಟ್ಟದ ಟಾಸ್ಕ್‌ಫೋರ್ಸ್‌ನಲ್ಲಿ ನಮ್ಮ ಹೆಸರೆಲ್ಲ ಇತ್ತು ನಿಜ. ಮನೆ ಮನೆಗೆ ಹೋದವರು ಮಾತ್ರ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಮತ್ತು ವಾಟರ್‌ಮ್ಯಾನ್ ಅಣ್ಣ. ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗುವುದಿಲ್ಲ. ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ಆಶಾ ಅಕ್ಕ, ನಿಮ್ಮ ಋಣ ಈ ಊರಿನ ಮೇಲಿದೆ ಅಂತ ಮಾತ್ರ ಹೇಳಿಬಿಡುತ್ತೇನೆ.

ಕೆರೆ ಕಾಲುವೆಯ ಬಗ್ಗೆ ಮಾತ್ರ ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆ. ಮಳೆ ಬಂದರೂ ಕೆರೆಗೆ ನೀರು ಬರುತ್ತಿರಲಿಲ್ಲ. ಕೆರೆಯ ಹೂಳು ತೆಗೆಸಿ ಅಂತ ಬಹಳ ಜನ ಬರೆಸುತ್ತಿದ್ದರು. ವಾರ್ಡ್ ಸಭೆಯಲ್ಲಿ ಇಬ್ಬರು ಹಿರಿಯರು ಎದ್ದು, ಹೂಳು ತೆಗೆದರೆ ಗುಂಡಿ ಆಗುತ್ತದೆಯೇ ಹೊರತು ನೀರು ಬರುವುದಿಲ್ಲ, ನೀರು ಬರುವ ದಾರಿಯೇ ಮುಚ್ಚಿದೆ ಅಂದರು. ಮಾರನೆಯ ದಿನ ಬೆಳಿಗ್ಗೆ ಅವರೇ ಮುಂದೆ ನಡೆದು ಗುಡ್ಡದ ಬುಡದಿಂದ ಕೆರೆಯಂಗಳದ ತನಕ ಕಾಲುವೆ ಹರಿಯುತ್ತಿದ್ದ ಜಾಡು ತೋರಿಸಿದರು. ಎಲ್ಲಿ ಜಾಲಿ ಬೆಳೆದಿದೆ, ಎಲ್ಲಿ ಬದು ಸರಿಸಿ ಹೊಲಕ್ಕೆ ಸೇರಿಸಿಕೊಂಡಿದ್ದಾರೆ, ಎಲ್ಲಿ ಮೋರಿ ಕಟ್ಟಿಕೊಂಡಿದೆ, ಎಲ್ಲವೂ ಅವರ ಬಾಯಲ್ಲೇ ಇತ್ತು. ಸರ್ವೆ ನಕ್ಷೆ ಬಂದಾಗ ಅವರು ಹೇಳಿದ ಜಾಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಬದು ಸರಿಸಿದ್ದವರನ್ನು ಒಪ್ಪಿಸಿದ್ದು ಕೂಡ ಆ ಹಿರಿಯರೇ. ನೋಟಿಸು, ಪೊಲೀಸು ಅಂತ ಹೋಗಿದ್ದರೆ ಇವತ್ತಿಗೂ ಆ ಕೆಲಸ ನಿಂತೇ ಇರುತ್ತಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾಗ ಬಿಟ್ಟುಕೊಟ್ಟ ಆ ಮೂರು ಮನೆಯವರಿಗೂ ಇಲ್ಲಿ ಧನ್ಯವಾದ ಹೇಳುತ್ತೇನೆ. ಒಂದು ಸಾಲು ಬೆಳೆ ಕಡಿಮೆಯಾದರೂ ಬಯಲುಸೀಮೆಯ ರೈತನಿಗೆ ಅದು ಚಿಕ್ಕ ಮಾತಲ್ಲ.

2022ರ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಯೋಜನೆ ನರೇಗಾದಲ್ಲಿ ಕೆಲಸ ಶುರುವಾಯಿತು. ನಮ್ಮ ಜಿಲ್ಲೆಗೆ ನರೇಗಾ ಹೊಸದಲ್ಲ. 2006ರ ಫೆಬ್ರವರಿಯಲ್ಲಿ ದೇಶದ ಮೊದಲ 200 ಜಿಲ್ಲೆಗಳಲ್ಲಿ ಯೋಜನೆ ಆರಂಭವಾದಾಗ ಚಿತ್ರದುರ್ಗವೂ ಅದರಲ್ಲಿತ್ತು. ಆದರೂ ಫಾರಂ ನಂಬರ್ 6ರಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳುವುದು, ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡಲೇಬೇಕು ಅನ್ನುವುದು ನಮ್ಮ ವಾರ್ಡಿನ ಬಹಳ ಹೆಣ್ಣುಮಕ್ಕಳಿಗೆ ಆವತ್ತಿನವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದು ಮಹಿಳಾ ಸ್ವಸಹಾಯ ಸಂಘದ ಹುಡುಗಿಯೊಬ್ಬಳು. ಅವಳೇ ಆಮೇಲೆ ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧುವಾದಳು. ಸೂರ್ಯ ಹುಟ್ಟುವ ಮೊದಲು ಟೇಪು ಹಿಡಿದು ಬಂದು ಒಬ್ಬೊಬ್ಬರ ಪಾಲಿನ ಉದ್ದ, ಅಗಲ, ಆಳ ಗುರುತು ಮಾಡಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ಕಲ್ಲುನೆಲ ಬಂದವರಿಗೆ, ವಯಸ್ಸಾದವರಿಗೆ ಮೆದು ಮಣ್ಣಿನ ಜಾಗ ಕೊಟ್ಟು, ಗಟ್ಟಿಮುಟ್ಟಾದವರನ್ನು ಹಾರೆ ಹಿಡಿಯಲು ಕಳಿಸುತ್ತಿದ್ದಳು. ತಾಂತ್ರಿಕ ಸಹಾಯಕರು ಅಳತೆಗೆ ಬಂದಾಗ ಅವಳ ಪುಸ್ತಕದ ಅಳತೆಯನ್ನೂ ತೆರೆದಿಟ್ಟು ತಾಳೆ ನೋಡುತ್ತಿದ್ದಳು. ಆಮೇಲಿನ ವರ್ಷಗಳಲ್ಲಿ ಮೊಬೈಲ್ ಹಾಜರಾತಿ ಬಂತು. ದಿನಕ್ಕೆ ಎರಡು ಸಲ ಫೋಟೊ ತೆಗೆಯಬೇಕು, ಕಾಲುವೆಯ ತಗ್ಗಿನಲ್ಲಿ ನೆಟ್‌ವರ್ಕ್ ಸಿಗದು. ಫೋಟೊ ಹೋಗುವ ತನಕ ಕೆರೆ ಏರಿಯ ಮೇಲೆ ಫೋನು ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಒಂದು ಫೋಟೊ ತಪ್ಪಿದರೆ ಒಬ್ಬರ ಒಂದು ದಿನದ ಕೂಲಿ ತಪ್ಪುತ್ತದೆ ಅಂತ ಅವಳಿಗೆ ಗೊತ್ತಿತ್ತು. ತಂಗೀ, ನಿನ್ನಂಥವರು ಪ್ರತಿ ಊರಿಗೂ ಸಿಗಲಿ.

ಕೂಲಿಯ ವಿಷಯ ಬಂದಾಗ ಇದನ್ನು ಹೇಳಲೇಬೇಕು. ಹೊಲದ ಕೆಲಸದಲ್ಲಿ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಅನ್ನುವುದನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದೇವೆ. ನರೇಗಾದಲ್ಲಿ ಇಬ್ಬರಿಗೂ ಒಂದೇ ದರ ಇತ್ತು. 2022ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 309 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 370 ಆಯಿತು. ಆ ದುಡ್ಡು ಹೆಂಗಸರ ಹೆಸರಿನ ಖಾತೆಗೇ ಬಂತು. ಕೂಲಿ ತಡವಾದ ತಿಂಗಳುಗಳೂ ಇದ್ದವು, ಆಗ ಮನೆ ನಡೆಸುವುದು ಎಷ್ಟು ಕಷ್ಟವಾಯಿತು ಅಂತ ನನಗೆ ಗೊತ್ತಿದೆ. ಆದರೂ ನೀವು ಕೆಲಸ ಬಿಡಲಿಲ್ಲ, ಪಂಚಾಯತಿಗೆ ಬಂದು ಕೇಳುವುದನ್ನೂ ಬಿಡಲಿಲ್ಲ. ನೀವು ಹತ್ತು ಜನ ಒಟ್ಟಿಗೆ ಬಂದು ನಿಂತ ಮೇಲೆಯೇ ಮೇಲಿನ ಕಚೇರಿಗಳಲ್ಲಿ ನನ್ನ ಮಾತಿಗೂ ಕಿವಿಗೊಟ್ಟರು.

ಕಾಲುವೆ ಕೆಲಸ ನಡೆದ 2022ರಲ್ಲಿ ಮಳೆಯೂ ಕೈಬಿಡಲಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ, ಅಂದರೆ 89 ವರ್ಷದ ಮೇಲೆ ಕೋಡಿ ಹರಿದ ವರ್ಷ ಅದು. ಅಂಥ ಮಳೆಯಲ್ಲಿ ಕೆರೆ ತುಂಬಿದ್ದನ್ನು ಕಾಲುವೆಯ ಹೆಗ್ಗಳಿಕೆ ಅಂತ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ. ನನಗೆ ಕಾಲುವೆಯ ಬೆಲೆ ತಿಳಿದದ್ದು 2023ರ ಬರದಲ್ಲಿ. ಊರ ಕೆರೆಯಲ್ಲಿ ದನ ಕುರಿಗಳಿಗೆ ಆಗುವಷ್ಟು ನೀರು ಬೇಸಿಗೆಯ ತನಕ ಉಳಿದಿತ್ತು. ಕೆರೆ ಕೆಳಗಿನ ಕೊಳವೆಬಾವಿಗಳು ಸಣ್ಣಗಾದರೂ ಪೂರ್ತಿ ಬತ್ತಲಿಲ್ಲ. ಮಣ್ಣು ಹೊತ್ತ ನಿಮ್ಮೆಲ್ಲರ ನೆನಪು ಆಗ ಪ್ರತಿದಿನ ಬಂತು.

ಸಂಘದ ಅಕ್ಕಂದಿರಿಗೆ ನಾನು ಬೇರೆಯಾಗಿಯೇ ಧನ್ಯವಾದ ಹೇಳಬೇಕು. ಸದಸ್ಯೆ ಆಯ್ಕೆಯಾದರೆ ಸಭೆಗೆ ಗಂಡ ಬರುವುದು, ಫೋನು ಗಂಡನಿಗೆ ಮಾಡುವುದು, ಊರವರು ಅವನನ್ನೇ ಮೆಂಬರ್ ಅನ್ನುವುದು ಎಷ್ಟೋ ಕಡೆ ನಡೆದುಬಂದಿದೆ. ನಮ್ಮಲ್ಲೂ ಶುರುವಿನಲ್ಲಿ ಅರ್ಜಿ ತಂದವರು ನನ್ನ ಮನೆಯವರ ಕೈಗೇ ಕೊಡುತ್ತಿದ್ದರು. ಒಂದು ಸಭೆಯಲ್ಲಿ ನನ್ನ ಪರವಾಗಿ ಬೇರೊಬ್ಬರು ಉತ್ತರ ಕೊಡಲು ಎದ್ದಾಗ ಸಂಘಗಳ ಒಕ್ಕೂಟದ ಅಕ್ಕಂದಿರು, “ನಾವು ಓಟು ಹಾಕಿದ್ದು ಆಯಮ್ಮಂಗೆ, ಆಯಮ್ಮನೇ ಮಾತಾಡ್ಲಿ” ಅಂತ ಪಟ್ಟು ಹಿಡಿದರು. ನನ್ನ ದನಿ ನಡುಗುತ್ತಿತ್ತು, ಆದರೂ ಮಾತಾಡಿದೆ. ಅದರ ನಂತರ ನಮ್ಮ ಮನೆಯವರು, ಅರ್ಜಿ ತಂದವರಿಗೆಲ್ಲ “ಅವಳ ಹತ್ರ ಕೊಡಿ” ಅಂತ ಹೇಳಿ ಬಾಗಿಲಿನಿಂದಲೇ ಕರೆಯತೊಡಗಿದರು. ಅವರಿಗೂ ನನ್ನ ಕೃತಜ್ಞತೆ ಇದೆ. ಹೆಂಡತಿಯ ಕೆಲಸವನ್ನು ಹೆಂಡತಿಗೆ ಬಿಡುವುದಕ್ಕೆ ಊರಿನಲ್ಲಿ ಧೈರ್ಯ ಬೇಕು.

ನಮ್ಮಂಥವರು ಈ ಕುರ್ಚಿಗೆ ಬಂದದ್ದರ ಹಿಂದೆ ಹಳೆಯ ಋಣವೂ ಇದೆ. ‘ನೀರ್ ಸಾಬ್’ ಅಂತ ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲದಲ್ಲಿ, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತ್ತು. ದೇಶದ ಪಂಚಾಯತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಈಗ ನಮ್ಮ ರಾಜ್ಯದಲ್ಲಿ ಹೆಂಗಸರ ಮೀಸಲು ಒಟ್ಟು ಸ್ಥಾನಗಳ ಅರ್ಧಕ್ಕೆ ಏರಿದೆ. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನಲ್ಲೇ ಇರುವ ಸಂಸ್ಥೆಯವರು ತಾಲ್ಲೂಕಿನ ಸಾಮರ್ಥ್ಯ ಸೌಧದಲ್ಲಿ ನಮಗೆ ತರಬೇತಿ ಕೊಡಿಸಿದಾಗ ಗೋಡೆಯ ಮೇಲಿನ ಅವರ ಫೋಟೊವನ್ನು ಬಹಳ ಹೊತ್ತು ನೋಡಿದ್ದೆ. ಅವರು 1988ರಲ್ಲೇ ತೀರಿಹೋದರು. ಅವರು ಹಾಕಿದ ದಾರಿಯಲ್ಲಿ ನನ್ನಂಥ ಎಸ್ಸೆಸ್ಸೆಲ್ಸಿ ಓದಿದ ಹೆಂಗಸೊಬ್ಬಳು ಬಜೆಟ್ ಓದಲು ಕಲಿತಳು ಅನ್ನುವುದು ಅವರಿಗೆ ತಲುಪಬೇಕಾದ ಮಾತು.

ಬಜೆಟ್ ಅಂದಾಗ ನೆನಪಾಯಿತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ಹಣವಾಗಿತ್ತು, ಅದರಲ್ಲಿ ರಸ್ತೆ ಮಾಡುವ ಹಾಗಿರಲಿಲ್ಲ. ಕಾಲೋನಿಯವರು ಸಿಸಿ ರಸ್ತೆ ಕೇಳಿ ಸಿಟ್ಟಾಗಿದ್ದ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಲೆಕ್ಕದ ಹಾಳೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ ಒಂದೊಂದೇ ಸಾಲು ವಿವರಿಸಿದರು. ಸಿಟ್ಟು ಇಳಿದದ್ದಷ್ಟೇ ಅಲ್ಲ, “ಹಂಗಾದ್ರೆ ನೀರಿನ ದುಡ್ಡಲ್ಲಿ ನಮ್ಮ ಬೀದಿ ಪೈಪು ಮೊದಲು ಹಾಕ್ಸಿ, ಆಮ್ಯಾಲೆ ರಸ್ತೆ ಅಗೆಯೋದು ತಪ್ಪುತ್ತೆ” ಅಂತ ಕಾಲೋನಿಯ ಯುವಕನೊಬ್ಬ ಸೂಚಿಸಿದ. ಹಾಗೇ ಆಯಿತು. ಜನರಿಗೆ ಲೆಕ್ಕ ಅರ್ಥವಾಗುವುದಿಲ್ಲ ಅನ್ನುವವರು ಆ ಸಭೆಯನ್ನು ನೋಡಬೇಕಿತ್ತು. ಕಂಪ್ಯೂಟರ್ ಆಪರೇಟರ್, ಬಿಲ್ ಕಲೆಕ್ಟರ್, ವಾಟರ್‌ಮ್ಯಾನ್, ಸ್ವಚ್ಛತಾ ಸಿಬ್ಬಂದಿ, ಎಲ್ಲರಿಗೂ ನನ್ನ ವಂದನೆ. ಕಡಿಮೆ ಸಂಬಳದಲ್ಲಿ ಊರಿನ ಎಲ್ಲ ಬೈಗುಳ ಕೇಳಿಯೂ ನೀವು ನಗುತ್ತಾ ಉತ್ತರ ಕೊಟ್ಟಿರಿ.

ಸ್ವಚ್ಛವಾಹಿನಿಯ ಚಾಲಕಿಗೆ ಏನು ಹೇಳಲಿ! ಸೈಕಲ್ ಕೂಡ ಹೊಡೆಯದ ನಮ್ಮ ಸಂಘದ ಅಕ್ಕ ತರಬೇತಿ ತಗೊಂಡು, ಲೈಸೆನ್ಸ್ ಮಾಡಿಸಿ, ಕಸದ ಗಾಡಿಯನ್ನು ಊರ ತುಂಬ ಓಡಿಸಿದ ಮೊದಲ ಬೆಳಿಗ್ಗೆ ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಇಕ್ಕಟ್ಟಿನ ಬೀದಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಅಕ್ಕ ಗಡಿಬಿಡಿ ಮಾಡಲಿಲ್ಲ, ಕನ್ನಡಿ ನೋಡಿಕೊಂಡು ನಿಧಾನಕ್ಕೆ ಹಿಂದಕ್ಕೆ ತಗೊಂಡು ದಾರಿ ಬಿಟ್ಟರು. ಟ್ರ್ಯಾಕ್ಟರ್‌ನವನು ಕೈ ಎತ್ತಿ ನಮಸ್ಕಾರ ಮಾಡಿ ಹೋದ. ಈಗ ಆ ಅಕ್ಕನ ಮಗಳು ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ.

ಮಕ್ಕಳ ಗ್ರಾಮ ಸಭೆಯಲ್ಲಿ ಬಸ್ ನಿಲ್ದಾಣದಿಂದ ಊರಿಗೆ ಬರುವ ದಾರಿಯ ಕತ್ತಲೆಯ ಬಗ್ಗೆ ಕೇಳಿದ ಎಂಟನೇ ತರಗತಿಯ ಹುಡುಗಿಗೂ ಧನ್ಯವಾದ. “ಟ್ಯೂಷನ್ ಬಿಟ್ಟ ಮೇಲೆ ನೀವ್ಯಾರಾದ್ರೂ ಆ ದಾರೀಲಿ ಒಬ್ರೇ ನಡೆದು ನೋಡಿದ್ದೀರಾ?” ಅಂತ ಅವಳು ಕೇಳಿದಾಗ ವೇದಿಕೆಯ ಮೇಲಿದ್ದ ನಾವೆಲ್ಲ ತಲೆ ತಗ್ಗಿಸಿದೆವು. ಆ ದಾರಿಗೆ ದೀಪ ಬಂತು ಮರಿ, ನಿನ್ನಿಂದಲೇ ಬಂತು.

ಆಗದೆ ಉಳಿದದ್ದೂ ಇದೆ. ಸ್ಮಶಾನದ ದಾರಿ ಇನ್ನೂ ಕಾಗದದಲ್ಲೇ ಇದೆ. ಮೇಲಿನ ಹಟ್ಟಿಗೆ ಶುದ್ಧ ನೀರಿನ ಘಟಕ ಬಂದಿಲ್ಲ, ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವಾಗ ಅದು ಮೊದಲು ಆಗಬೇಕಾದ ಕೆಲಸ. ಕಾಲುವೆಯ ಕೆಳಗಿನ ತುದಿಯಲ್ಲಿ ಮತ್ತೆ ಜಾಲಿ ಚಿಗುರಿದೆ. ಬಾಕಿ ಕೆಲಸಗಳ ಪಟ್ಟಿಯನ್ನು, ಯಾವ ಅರ್ಜಿ ಯಾವ ಕಚೇರಿಯಲ್ಲಿ ಯಾವ ತಾರೀಖಿನಿಂದ ಇದೆ ಅನ್ನುವುದರ ಸಮೇತ ಎರಡು ಪ್ರತಿ ಮಾಡಿಸಿದ್ದೇನೆ. ಒಂದು ಪಂಚಾಯತಿ ಕಚೇರಿಯಲ್ಲಿದೆ, ಇನ್ನೊಂದು ಅರಿವು ಕೇಂದ್ರದ ಮೇಜಿನ ಮೇಲಿದೆ, ಯಾರು ಬೇಕಾದರೂ ತೆಗೆದು ಓದಬಹುದು. ಮುಂದೆ ಆಯ್ಕೆಯಾಗಿ ಬರುವವರು ಯಾರೇ ಆಗಿರಲಿ, ಮೊದಲ ವಾರ್ಡ್ ಸಭೆಗೆ ಆ ಪಟ್ಟಿ ಹಿಡಿದುಕೊಂಡು ಬನ್ನಿ. ನಾನೂ ನಿಮ್ಮ ಜೊತೆ ಚಾಪೆಯ ಮೇಲೆ ಕೂತು ಮೇಲಿನ ಹಟ್ಟಿಯ ನೀರಿನ ವಿಷಯ ಕೇಳುತ್ತೇನೆ.