ವಿಮಾನ ಹಾರುವ ಬಗೆಯನ್ನು ಸರಿಯಾಗಿ ಕಲಿಸೋಣ

ಮಾನ್ಯ ಸಂಪಾದಕರೇ,

ಊರೂರಿನಲ್ಲೂ ಗಲ್ಫಿನಲ್ಲಿ ದುಡಿಯುವವರಿರುವ ನಮ್ಮ ಕಾಸರಗೋಡಿನಲ್ಲಿ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವುದು ಮಕ್ಕಳಿಗೂ ಹೊಸತಲ್ಲ. ಆದರೆ ಅದು ನೆಲ ಬಿಟ್ಟೇಳುವುದು ಹೇಗೆಂದು ಕೇಳಿದರೆ, ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಅಲ್ಲಿನ ಗಾಳಿಗೆ ದಾರಿ ಉದ್ದವಾಗಿ, ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚನ್ನು ಮುಟ್ಟಲು ಅದು ವೇಗವಾಗಿ ಓಡುತ್ತದೆ ಎಂಬ ವಿವರಣೆಯನ್ನೇ ಅನೇಕರು ಒಪ್ಪಿಸುತ್ತಾರೆ. ವಿಜ್ಞಾನ ಕಲಿಸುವವರು ಇದನ್ನು ಕೈಬಿಡಬೇಕೆಂಬುದು ನನ್ನ ವಿನಂತಿ.

ಮೇಲಿನ ಗಾಳಿ ವೇಗವಾಗಿ ಸಾಗುವುದೂ ಅಲ್ಲಿ ಒತ್ತಡ ಕಡಿಮೆಯಾಗುವುದೂ ನಿಜವೇ. ಆದರೆ ಎರಡೂ ಒಟ್ಟಿಗೆ ತಲಪಬೇಕೆಂಬ ನಿಯಮವೇನೂ ಇಲ್ಲ. ರೆಕ್ಕೆಯ ಮಾದರಿಯ ಮೇಲೆ ಗಾಳಿ ಬೀಸಿ ಪರೀಕ್ಷಿಸುವ ಗಾಳಿಸುರಂಗದಲ್ಲಿ ಹೊಗೆ ಹಾಯಿಸಿ ನೋಡಿದರೆ ಮೇಲಿನ ಗಾಳಿಯೇ ಮೊದಲು ಅಂಚು ದಾಟುತ್ತದೆ. ಉಬ್ಬೊಂದೇ ಕಾರಣವಾಗಿದ್ದರೆ ವಾಯುಪಡೆಯ ಸಾಹಸ ಪ್ರದರ್ಶನ ತಂಡವಾದ ಬೀದರಿನ ಸೂರ್ಯಕಿರಣದ ವಿಮಾನಗಳು ತಲೆಕೆಳಗಾಗಿ ಹಾರುವುದು ಸಾಧ್ಯವಿರಲಿಲ್ಲ. ರೆಕ್ಕೆಯು ಎದುರುಗಾಳಿಗೆ ತುಸು ಓರೆಯಾಗಿ ನಿಂತು, ತನ್ನ ಮೇಲೂ ಕೆಳಗೂ ಹಾಯುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ನ್ಯೂಟನ್ನನ 3ನೇ ನಿಯಮದಂತೆ ಆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಒತ್ತಡದ ವ್ಯತ್ಯಾಸವೆಂದರೂ ಇದೇ.

ಎಂಜಿನ್ನೇ ವಿಮಾನವನ್ನು ಎತ್ತುತ್ತದೆಂಬುದೂ ಸರಿಯಲ್ಲ. ಪೂರ್ತಿ ಭಾರ ಹೊತ್ತ ಬೋಯಿಂಗ್ 737-800 ಸುಮಾರು 79 ಟನ್ ತೂಗುತ್ತದೆ. ಎರಡು ಎಂಜಿನ್‌ಗಳ ನೂಕುಬಲ ಸೇರಿದರೂ ಅದರ ಮೂರನೆಯ ಒಂದು ಪಾಲಿನಷ್ಟೇ. ಆ ಬಲದಲ್ಲೂ ಹೆಚ್ಚಿನದು ಬರುವುದು ಬೆಂಕಿಯಿಂದ ನೇರವಾಗಿ ಅಲ್ಲ, ಮುಂದಿನ ದೊಡ್ಡ ಫ್ಯಾನ್ ಹಿಂದಕ್ಕೆ ದೂಡುವ ತಣ್ಣನೆಯ ಗಾಳಿಯಿಂದ. ಇಂಧನ ಉರಿದ ಬಿಸಿ ಅನಿಲ ಟರ್ಬೈನನ್ನು ತಿರುಗಿಸಿ ಆ ಫ್ಯಾನನ್ನು ಓಡಿಸುತ್ತದೆ. ಎಂಜಿನ್ ಕೊಡುವುದು ವೇಗವನ್ನು, ಮತ್ತು ವೇಗ ಇಮ್ಮಡಿಯಾದರೆ ರೆಕ್ಕೆಯ ಎತ್ತುಬಲ ನಾಲ್ಮಡಿಯಾಗುತ್ತದೆ.

ರೆಕ್ಕೆಯ ಬಳಿಯ ಕಿಟಕಿಯಲ್ಲಿ ಕುಳಿತವರು ಇದನ್ನು ಕಣ್ಣಾರೆ ಕಾಣಬಹುದು. ರನ್‌ವೇ ಸೇರುವ ಮೊದಲೇ ಹಿಂದಿನ ಅಂಚಿನ ಫ್ಲಾಪ್‌ಗಳು ಸದ್ದು ಮಾಡುತ್ತ ಹಿಂದಕ್ಕೆ ಜಾರಿ ಕೆಳಕ್ಕೆ ಬಾಗುತ್ತವೆ. ಕಡಿಮೆ ವೇಗದಲ್ಲೂ ಹೆಚ್ಚು ಗಾಳಿಯನ್ನು ಕೆಳಕ್ಕೆ ತಿರುಗಿಸಲು ಈ ಏರ್ಪಾಡು. ಗಂಟೆಗೆ ಸುಮಾರು 250 ಕಿ.ಮೀ. ವೇಗ ಬಂದ ಮೇಲೆ ಪೈಲಟ್ ವಿಮಾನದ ಮೂಗನ್ನೆತ್ತುತ್ತಾರೆ, ರೆಕ್ಕೆಯ ಓರೆ ಹೆಚ್ಚುತ್ತದೆ, ಚಕ್ರಗಳು ನೆಲ ಬಿಡುತ್ತವೆ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಗಾಳಿ ತೆಳುವಾಗುವುದರಿಂದ ಅದೇ ವಿಮಾನಕ್ಕೆ ಇನ್ನೂ ಉದ್ದದ ಓಟ ಬೇಕು. ಮಂಗಳೂರಿನ ರನ್‌ವೇ 2,450 ಮೀಟರ್, ಕಣ್ಣೂರಿನದು 3,050 ಮೀಟರ್ ಎಂಬ ಅಂಕಿಗಳನ್ನು ತರಗತಿಯಲ್ಲಿ ಇದರೊಂದಿಗೆ ಸೇರಿಸಿ ಹೇಳಿದರೆ ಮಕ್ಕಳು ತಾವೇ ಪ್ರಶ್ನೆ ಕೇಳತೊಡಗುತ್ತಾರೆ.

ತಮ್ಮ ಪತ್ರಿಕೆಯು ವಿದ್ಯಾರ್ಥಿಗಳಿಗಾಗಿ ಈ ವಿಷಯವನ್ನು ಚಿತ್ರಸಹಿತ ಪ್ರಕಟಿಸಿದರೆ ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ದೊಡ್ಡ ಉಪಕಾರವಾದೀತು.

– ನಿವೃತ್ತ ವಿಜ್ಞಾನ ಅಧ್ಯಾಪಕ, ಬದಿಯಡ್ಕ, ಕಾಸರಗೋಡು ಜಿಲ್ಲೆ